ಅಜ್ಜಿಯ ಸಟ್ಟುಗ ಯೇವ ಹೊನ್ನೆದು?

ಕಳುದ ವರ್ಷ ಮಳೆ ಹಿಡಿವಂದ ಮದಲು ಬೆರಟಿ ಕಾಸಿಗೊಂಡಿಪ್ಪಗ ಅಜ್ಜಿಯ ಮರದ ಸಟ್ಟುಗ ತುಂಡಾತು. ಉರುಳಿಲಿ ಹಲಸಿನಹಣ್ಣು ಗಟ್ಟಿ ಆಗಿ ಅಡಿ ಹಿಡಿವಲೆ ಹೆರಟಿತ್ತು, ಆನು ರಜ ಜೋರು ತೊಳಸಿದೆ. ಟಕ್ ಹೇಳಿ ಶಬ್ದ ಬಂತು. ಅರ್ಧ ಎನ್ನ ಕೈಲಿ, ಅರ್ಧ ಉರುಳಿಲಿ. ಜೆಗಿಲಿಲಿ ಕೂದೊಂಡಿದ್ದ ಅಬ್ಬೆ ಎದ್ದು ಬಂತು. ಎರಡು ತುಂಡನ್ನೂ ತೊಳದು ಉದ್ದಿ ಮಡುಗಿತ್ತು, ಒಂದು ಮಾತು ಆಡಿದ್ದಿಲ್ಲೆ. ಬೈದಿದ್ದರೆ ಎನಗೆ ಹಗುರ ಆವ್ತಿತ್ತು.

ಆ ಸಟ್ಟುಗ ಅಜ್ಜಿ ಮದುವೆ ಆಗಿ ಈ ಮನಗೆ ಬಪ್ಪಗಳೇ ಇಲ್ಲಿ ಇದ್ದತ್ತಡ. ಬೆರಟಿ, ಕಾಶಿಹಲ್ವ, ಉಪ್ನಾನದ ಪಾಯಸ ಎಲ್ಲ ಅದರಲ್ಲೇ ತೊಳಸಿದ್ದು. ಅದರ ಒಂದು ಕರೆ ಸವದು ಸವದು ಓರೆ ಆಗಿತ್ತು. ಬಲಗೈಲಿ ತೊಳಸಿದ ಅಜ್ಜಿಯ ಓರೆ ಅದು. ಎಡಗೈಯ ಚಿಕ್ಕಮ್ಮ ಅದರ ಹಿಡುದರೆ ಕೆಲಸವೇ ಸಾಗ.

ಇನ್ನೊಂದು ಮಾಡ್ಸುವ ಹೇಳಿ ಆಚಾರಿಯ ದಿನಿಗೇಳಿದೆ. ಅವ ತುಂಡಿನ ತಿರುಗಿಸಿ ನೋಡಿದ, ಮೂಸಿ ನೋಡಿದ. "ಇದು ಯಾವ ಮರ ಅಮ್ಮ? ಎಣ್ಣೆ, ಹೊಗೆ ಹಿಡಿದು ಮರದ ಬಣ್ಣವೇ ಕಾಣುದಿಲ್ಲ" ಹೇಳಿ ಎನ್ನತ್ರೇ ಕೇಳಿದ.

ಅಲ್ಲಿಂದ ಶುರು ಆತು ಚರ್ಚೆ. ಚಿಕ್ಕಮ್ಮ ಹಲಸು ಹೇಳಿತ್ತು. ಅತ್ತಿಗೆ ಬೀಟಿ ಹೇಳಿತ್ತು. ಅಬ್ಬೆ ಮಾಂತ್ರ, "ಅಜ್ಜಿ ಅದರ ಹೊನ್ನೆ ಸಟ್ಟುಗ ಹೇಳಿಯೇ ಹೇಳಿಗೊಂಡಿದ್ದದು" ಹೇಳಿತ್ತು. ಸರಿ, ಮುಗುತ್ತು ಹೇಳಿ ಗ್ರೇಶಿದೆ. ಅಷ್ಟಪ್ಪಗ ದೊಡ್ಡಮ್ಮ ಫೋನಿಲಿ, "ಹೊನ್ನೆ ಹೇಳಿರೆ ದೀಪದ ಎಣ್ಣೆ ತೆಗವ ಹೊನ್ನೆ. ತೋಡ ಕರೆಲಿ ಒಂದು ಮರ ಇದ್ದತ್ತು, ಅದರದ್ದೇ ಆದಿಕ್ಕು" ಹೇಳಿತ್ತು. ಎಲ್ಲೋರೂ ತಳಿಯದ್ದೆ ಕೂದವು. ಆ ಎಣ್ಣೆಯ ದೀಪಕ್ಕೆ ಎರಗು, ಮೈಗೆ ಉದ್ದುಗು, ಬಾಯಿಗೆ ಆರೂ ಹಾಕವು. ಎನ್ನ ಮಗಳು ಆಗ ಬಸರಿ. ಬೆರಟಿ ಕಾಸಿದ್ದೇ ಅದಕ್ಕೆ. "ಅಮ್ಮಾ, ಅದು ವಿಷದ ಮರ ಅಲ್ಲದೊ?" ಹೇಳಿ ಕೇಳಿತ್ತು. ಎನ್ನತ್ರೆ ಉತ್ತರ ಇತ್ತಿಲ್ಲೆ.

ನಮ್ಮ ಕನ್ನಡಲ್ಲಿ ಹೊನ್ನೆ ಹೇಳ್ತ ಹೆಸರು ಎರಡು ಮರಕ್ಕೆ ಇದ್ದು. ಒಂದು ಗುಡ್ಡೆಯ ಹೊನ್ನೆ. ಅದರ ಚೋಲಿಗೆ ಕತ್ತಿ ತಾಗಿರೆ ನೆತ್ತರಿನ ಹಾಂಗೆ ಕೆಂಪು ರಸ ಬತ್ತು, ಒಣಗಿದ ಮೇಲೆ ಕಪ್ಪು ಹರಳು ಆವ್ತು. ಮಲಬಾರ್ ಕೈನೋ ಹೇಳಿ ಆ ಹರಳು ಮದಲಿಂಗೆ ಹಡಗಿಲಿ ಸೀಮೆಗೆ ಹೋಗಿಗೊಂಡಿತ್ತು, ಮದ್ದಿಂಗೆ ಬೇಕಾಗಿ. ತಮಿಳುನಾಡಿಲಿ ಅದೇ ರಸವ ಕಾಸಿ ಸಣ್ಣ ಮಕ್ಕಳ ಹಣೆಗೆ ಬೊಟ್ಟು ಮಡುಗುತ್ತವು. ಸಕ್ಕರೆ ಕಾಯಿಲೆಗೆ ಆವ್ತು ಹೇಳಿ ಪೇಟೆಲಿ ಮಾರುವ ಮರದ ಲೋಟೆಯೂ ಇದೇ ಹೊನ್ನೆದು. (ಲೋಟೆ ತೆಕ್ಕೊಂಬದಾದರೆ ತೆಕ್ಕೊಳಿ, ಡಾಕ್ಟ್ರ ಮದ್ದು ಮಾಂತ್ರ ನಿಲ್ಸೆಡಿ.) ಸಸ್ಯಶಾಸ್ತ್ರಲ್ಲಿ ಇದರ ಹೆಸರು ಟೆರೊಕಾರ್ಪಸ್ ಮಾರ್ಸುಪಿಯಂ.

ಇನ್ನೊಂದು ಕಡಲ ಕರೆಯ ಹೊನ್ನೆ, ಸುರಹೊನ್ನೆ ಹೇಳಿಯೂ ಹೇಳ್ತವು. ದಪ್ಪ ಹೊಳವ ಎಲೆ, ಬೆಳಿ ಹೂಗು, ಗೋಲಿಯ ಹಾಂಗಿಪ್ಪ ಉರುಟು ಕಾಯಿ. ದೀಪದ ಎಣ್ಣೆ ಇದರದ್ದು. ಮರ ದೋಣಿ ಕೆಲಸಕ್ಕೆ ಹೋಕು. ಶಾಸ್ತ್ರದ ಹೆಸರು ಕೆಲೊಫಿಲಂ ಇನೊಫಿಲಂ. ಈ ಎರಡಕ್ಕೂ ಒಂದಕ್ಕೊಂದು ಕುಟುಂಬ ಸಂಬಂಧ ಇಲ್ಲೆ. ಆದರೆ ಎರಡರ ಮರವೂ ಕೆಂಪು ಮಿಶ್ರದ ಕಂದು. ಹೊಗೆ ಹಿಡುದ ಸಟ್ಟುಗಲ್ಲಿ ಯೇವದು ಯೇವದು ಹೇಳಿ ಹೇಳ್ಲೆಡಿಯ.

ಹೊನ್ನೆ ಒಂದೇ ಅಲ್ಲ. ನಮ್ಮ ಊರಿಲಿ ಆಟಿ ಅಮಾವಾಸ್ಯೆಗೆ ಕಷಾಯ ಕುಡಿವ ಹಾಲೆ ಮರ ಬೇರೆ, ಚನ್ನಪಟ್ಟಣದವು ಗೊಂಬೆ ಮಾಡುವ ಹಾಲೆ ಮರ ಬೇರೆ. ಎರಡರ ಗಾಯಂದಲೂ ಹಾಲು ಬತ್ತು, ಹಾಂಗಾಗಿ ಎರಡಕ್ಕೂ ಅದೇ ಹೆಸರು. ಕಸ್ತಲೆಲಿ ಹೋಗಿ ಹಾಲೆಯ ಕೆತ್ತೆ ಹೇಳಿ ಕಾಸರಕದ ಕೆತ್ತೆ ತಂದರೆ ಜೀವಕ್ಕೇ ಅಪಾಯ ಹೇಳಿ ಅಜ್ಜಂದಿರು ಎಚ್ಚರುಸುಗು. ಮರದ ಹೆಸರು ತಪ್ಪುದು ಬರೀ ಮಾತಿನ ವಿಷಯ ಅಲ್ಲ.

ಈ ಗೊಂದಲ ನಮ್ಮ ಅಡಿಗೆ ಒಳದ್ದು ಮಾಂತ್ರ ಹೇಳಿ ಗ್ರೇಶೆಡಿ. ಗುಡ್ಡೆಯ ಹೊನ್ನೆಗೆ ದೂರದ ಊರಿಲಿ ಒಂದು ತಂಗೆ ಮರ ಇದ್ದು. ಅದರ ಬಟ್ಲಿಂಗೆ ಯುರೋಪಿಲಿ 350 ವರ್ಷ ಇದೇ ಅವಸ್ಥೆ ಆಯಿದು. ಸ್ಪೇನಿನ ಸೆವಿಲ್ ಪೇಟೆಯ ನಿಕೊಲಾಸ್ ಮೊನಾರ್ಡೆಸ್ ಹೇಳ್ತ ವೈದ್ಯ 1565ರಲ್ಲಿ ಮೆಕ್ಸಿಕೊಂದ ಬಪ್ಪ ಒಂದು ಮರದ ವಿಷಯ ಬರದ. ಅದರ ಚಕ್ಕೆಯ ನೀರಿಲಿ ಹಾಕಿರೆ ನೀರು ನೀಲಿ ಆವ್ತು, ಆ ನೀರು ಮೂತ್ರದ ತೊಂದರೆಗೆ ಆವ್ತು ಹೇಳಿ. ಮುಂದೆ ಆ ಮರದ್ದು ಹೇಳಿ ಬಟ್ಲುಗೊ ಬಪ್ಪಲೆ ಶುರು ಆತು. ರೋಮಿಲಿದ್ದ ಪಾದ್ರಿ ಅಥನಾಸಿಯಸ್ ಕಿರ್ಚರ್ 1646ರಲ್ಲಿ ಅಂಥ ಒಂದು ಬಟ್ಲಿನ ವಿಷಯ ಅಚ್ಚು ಹಾಕ್ಸಿದ. 1664ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಕೂದು ಸರಿಯಾಗಿ ಪರೀಕ್ಷೆ ಮಾಡಿದ. ಆ ನೀರಿನ ಬೆಣಚ್ಚಿಂಗೆ ಅಡ್ಡ ಹಿಡುದರೆ ಹೊಂಬಣ್ಣ, ಬೆಣಚ್ಚಿಂಗೆ ಬೆನ್ನು ಹಾಕಿ ನೋಡಿರೆ ನೀಲಿ. ಹುಳಿ ಸೇರ್ಸಿರೆ ನೀಲಿ ಮಾಯ, ಕ್ಷಾರ ಸೇರ್ಸಿರೆ ಪುನಃ ನೀಲಿ.

ಇಷ್ಟೆಲ್ಲ ನೋಡಿರೂ ಮರ ಯೇವದು ಹೇಳಿ ಗೊಂತಾಯಿದಿಲ್ಲೆ. ಮೆಕ್ಸಿಕೊದ ಆ ಗಿಡ ಸಣ್ಣದು, ಅದರಲ್ಲಿ ಅಷ್ಟು ದೊಡ್ಡ ಬಟ್ಲು ಕೆತ್ತುಲೆ ಎಡಿಯ. 1915ರಲ್ಲಿ ಅಮೇರಿಕದ ವಿಲಿಯಂ ಸ್ಯಾಫರ್ಡ್ ಹೇಳ್ತ ಸಸ್ಯಶಾಸ್ತ್ರಜ್ಞ ಗೆಂಟು ಬಿಡುಸಿದ: ಒಂದೇ ಹೆಸರಿಲಿ ಎರಡು ಮರ ಇದ್ದತ್ತು. ಚಕ್ಕೆ ಮೆಕ್ಸಿಕೊದ ಗಿಡದ್ದು, ಬಟ್ಲು ಫಿಲಿಪೈನ್ಸಿನ ನಾರಾ ಮರದ್ದು. ಸ್ಪೇನಿನವರ ಹಡಗು ಮನಿಲಾಂದ ಮೆಕ್ಸಿಕೊಕ್ಕೆ ಹೋಗಿಗೊಂಡಿತ್ತನ್ನೆ? ಬಟ್ಲುಗೊ ಅದರಲ್ಲಿ ಹೋಗಿ, ಅಲ್ಲಿಂದ ಯುರೋಪಿಂಗೆ ಬಂದು, ಮೆಕ್ಸಿಕೊದ್ದು ಹೇಳಿ ಹೆಸರು ಪಡದವು. ಈ ನಾರಾವೇ ನಮ್ಮ ಗುಡ್ಡೆಯ ಹೊನ್ನೆಯ ತಂಗೆ. ಅದೂ ಟೆರೊಕಾರ್ಪಸ್ಸೇ.

ನಮ್ಮ ದೇಶಲ್ಲಿ ಮರವ ಹೆಸರಿಂದ ಅಲ್ಲ, ಮರಂದಲೇ ಗುರ್ತ ಹಿಡಿವ ಕೆಲಸಕ್ಕೂ ಒಂದು ಚರಿತ್ರೆ ಇದ್ದು. ಗ್ಯಾಂಬಲ್ ಹೇಳ್ತ ಅರಣ್ಯಾಧಿಕಾರಿ 1881ರಲ್ಲಿ ಭಾರತದ ಮರಂಗಳ ಕೈಪಿಡಿ ಬರದ. 1932ರಲ್ಲಿ ಪಿಯರ್ಸನ್, ಬ್ರೌನ್ ಹೇಳ್ತ ಇಬ್ರು ಮರದ ಒಳಾಣ ರಚನೆಯ ಚಿತ್ರ ಸಮೇತ ದೊಡ್ಡ ಪುಸ್ತಕ ತಂದವು. ಬೆಂಗ್ಳೂರಿಲಿ 1938ರಲ್ಲಿ ಅರಣ್ಯ ಸಂಶೋಧನೆಯ ಪ್ರಯೋಗಾಲಯ ಶುರು ಆತು, 1988ರಲ್ಲಿ ಅದೇ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಆತು. ಅಂಥ ಜಾಗೆಲಿ ನಾವು ಉಪ್ಪಿನಕಾಯಿ ಭರಣಿ ಸಾಲಾಗಿ ಮಡುಗಿದ ಹಾಂಗೆ ಮರದ ತುಂಡುಗಳ ಹೆಸರು ಬರದು ಸಾಲಾಗಿ ಮಡುಗಿರ್ತವು. ಗೊಂತಿಲ್ಲದ್ದ ತುಂಡು ಬಂದರೆ ಅದರೊಟ್ಟಿಂಗೆ ಹೋಲ್ಸಿ ನೋಡುದು.

ಎಂಗೊ ಬೆಂಗ್ಳೂರಿಂಗೆ ಹೋಗೆಕ್ಕಾಗಿ ಬಯಿಂದಿಲ್ಲೆ. ತಂಗೆಯ ಮಗಳು ಪೊನ್ನಂಪೇಟೆಯ ಅರಣ್ಯ ಕಾಲೇಜಿಲಿ ಕಲಿತ್ತು, ರಜೆಲಿ ಬಂದಿಪ್ಪಗ ಬೇಗಿಲಿ ಒಂದು ಸಣ್ಣ ಭೂತಗನ್ನಡಿ ಇದ್ದತ್ತು. ತುಂಡಾದ ಜಾಗೆಯ ಹೊಸ ಬ್ಲೇಡಿಲಿ ತೆಳ್ಳಂಗೆ ಕೊಯ್ದು ನೊಂಪು ಮಾಡಿತ್ತು. ಎಣ್ಣೆ, ಹೊಗೆ ಒಳಂಗೆ ಇಳುದಿತ್ತಿಲ್ಲೆ. ಒಳ ಒಳ್ಳೆ ಹೊಂಬಣ್ಣದ ಕಂದು. "ದೊಡ್ಡಮ್ಮಾ, ನೋಡಿ" ಹೇಳಿ ಎನ್ನ ಕೈಗೆ ಕನ್ನಡಿ ಕೊಟ್ಟತ್ತು. ಮರದ ಅಡ್ಡ ಕೊಯ್ಲಿಲಿ ಸೂಜಿ ಕುತ್ತಿದ ಹಾಂಗೆ ಸಣ್ಣ ಸಣ್ಣ ಒಟ್ಟೆ. ಅದು ಮರ ನೀರು ಕುಡಿವ ದಾರಿ ಅಡ. ಸುರಹೊನ್ನೆಲಿ ಆ ಒಟ್ಟೆಗೊ ಒಂದೊಂದೇ ಬಿಡಿ ಬಿಡಿ ಆಗಿ ಓರೆ ಸಾಲಿಲಿ ನಿಲ್ಲುತ್ತವು. ಗುಡ್ಡೆಯ ಹೊನ್ನೆಲಿ ಒಟ್ಟೆಯ ಸುತ್ತ ಬೆಳಿ ಗೆರೆ ಎರಡೂ ಹೊಡೆಂಗೆ ರೆಕ್ಕೆಯ ಹಾಂಗೆ ಹರಡಿ ಒಂದಕ್ಕೊಂದು ಸೇರುತ್ತು. ಮತ್ತೆ ಹಲಗೆಯ ಮೋರೆಲಿ, ತೆರೆ ಬಂದು ಹೋದ ಹೊಯಿಗೆಯ ಹಾಂಗೆ ಸಪುರ ಸಪುರ ಅಡ್ಡ ಗೆರೆ. ಸುರಹೊನ್ನೆಲಿ ಈ ತೆರೆಗೆರೆ ಇಲ್ಲೆ. ಎಂಗಳ ತುಂಡಿಲಿ ರೆಕ್ಕೆಯೂ ಇತ್ತು, ತೆರೆಯೂ ಇತ್ತು.

"ಇನ್ನು ನೀರಿನ ಪರೀಕ್ಷೆ" ಹೇಳಿತ್ತು ಕೂಸು. ಒಳಾಣ ಮರವ ಕೆರಸಿ ರಜ ಹೊಡಿ ತೆಗದತ್ತು, ಗಾಜಿನ ಲೋಟೆಯ ನೀರಿಲಿ ಹಾಕಿತ್ತು. ಅರ್ಧ ಗಂಟೆಲಿ ನೀರು ಚಾಯದ ಬಣ್ಣ ಆತು, ನೀಲಿ ಎಂತ ಕಂಡಿದಿಲ್ಲೆ. ಎನಗೆ ಬಾಯ್ಲ್ ಮಾಡಿದ್ದು ನೆಂಪಾತು. ಅಬ್ಬೆಯ ಎಲೆ ಹರಿವಾಣಂದ ಸಾಸಮೆಯಷ್ಟು ಸುಣ್ಣ ತೆಗದು ಕಲಸಿದೆ. ಕಪ್ಪು ಸೀರೆಯ ಹಿಂದೆ ಹಿಡುದು ಬೆಶಿಲಿಂಗೆ ಬೆನ್ನು ಹಾಕಿ ನೋಡಿರೆ, ಲೋಟೆಯ ಕರೆಲಿ ನವಿಲಿನ ಕೊರಳಿನ ಹಾಂಗೆ ನೀಲಿ! ಅಬ್ಬೆ ಲೋಟೆಯ ತೆಕ್ಕೊಂಡು ತಿರುಗಿಸಿ ತಿರುಗಿಸಿ ನೋಡಿತ್ತು. ಮಗಳಿಂಗೆ ಫೋನು ಮಾಡಿ, "ಹೆದರೆಡ, ಇದು ಜೆನ ನೀರು ಕುಡಿವಲೆ ಲೋಟೆ ಮಾಡುವ ಮರ" ಹೇಳಿದೆ.

ನಿಂಗಳ ಮನೆಲಿ ಹಳೆ ಮರದ ಸೌಟೋ ಸಟ್ಟುಗವೋ ಇದ್ದರೆ ಬಣ್ಣ ನೋಡಿ ಹೆಸರು ಹೇಳೆಡಿ. ಬಣ್ಣ ಎಣ್ಣೆದು, ಹೊಗೆದು. ಹಿಡಿಯ ಕೊಡಿಲಿ, ಕಾಣದ್ದಲ್ಲಿ, ರಜ ಕೆರಸಿ ನೋಡಿ. ಒಳ ಅರುಶಿನದ ಹಾಂಗೆ ಇದ್ದರೆ ಹಲಸಿನ ಯೋಚನೆ ಮಾಡ್ಲಕ್ಕು; ಬೌದ್ಧ ಸನ್ಯಾಸಿಗಳ ವಸ್ತ್ರಕ್ಕೆ ಬಣ್ಣ ಕೊಟ್ಟದು ಅದೇ ಹಲಸಿನ ಮರ. ನೇರಳೆ ಮಿಶ್ರದ ಕಪ್ಪು ಗೆರೆ ಇದ್ದರೆ ಬೀಟಿ ಆದಿಕ್ಕು. ನಿಶ್ಚಯ ಆಯೆಕ್ಕಾರೆ ಮಾಂತ್ರ ಕನ್ನಡಿ ಬೇಕು, ಗೊಂತಿಪ್ಪವು ಬೇಕು.

ಕಥೆ ಇಲ್ಲಿಗೇ ಮುಗಿತ್ತಿತ್ತು. ಮರದಿನ ಆಚಮನೆಯ ಅಕ್ಕ ಹಾಲಿಂಗೆ ಬಂತು. ತುಳು ಮಾತಾಡುವ ಅಕ್ಕ, ಅಜ್ಜಿಯೊಟ್ಟಿಂಗೆ ಎಷ್ಟೋ ವರ್ಷ ಹಲಸಿನಹಣ್ಣು ಕೊರದ್ದದು. ಮೇಜಿಲಿದ್ದ ತುಂಡಿನ ನೋಡಿ, "ಅಯ್ಯೋ, ಉಂದು ಬೇಂಗದ ಸಟ್ಟುಗ ಅತ್ತಾ?" ಹೇಳಿತ್ತು. ತುಳುವಿಲಿ ಗುಡ್ಡೆಯ ಹೊನ್ನೆ ಬೇಂಗ, ದೀಪದ ಎಣ್ಣೆಯ ಹೊನ್ನೆ ಪೊನ್ನೆ. ಎರಡು ಮರಕ್ಕೆ ಎರಡು ಹೆಸರು, ಗೊಂದಲಕ್ಕೆ ಜಾಗೆಯೇ ಇಲ್ಲೆ. ಎಂಗೊ ಭೂತಗನ್ನಡಿ ಹಿಡುದು ಹುಡ್ಕಿದ್ದು ಬೇಲಿಯ ಆಚ ಹೊಡೆಲಿ ಮದಲಿಂದಲೇ ಇದ್ದತ್ತು. ಆರೂ ಕೇಳಿದ್ದವಿಲ್ಲೆ, ಅಷ್ಟೆ. ಅಜ್ಜಿ ಇಪ್ಪಗ ಅಜ್ಜಿಯತ್ರೂ ಕೇಳಿದ್ದವಿಲ್ಲೆ.

ಹೊಸ ಸಟ್ಟುಗ ಹೊನ್ನೆದು ಮಾಡ್ಸಿದ್ದಿಲ್ಲೆ. ಹೊನ್ನೆ ಕಾಡಿಲಿ ಕಮ್ಮಿ ಆವ್ತಾ ಬಯಿಂದು, ಒಂದು ಸಟ್ಟುಗಕ್ಕೆ ಬೇಕಾಗಿ ಮರಕ್ಕೆ ಕತ್ತಿ ಮಡುಗುಲೆ ಮನಸ್ಸು ಬಯಿಂದಿಲ್ಲೆ. ಗಾಳಿಗೆ ಬಿದ್ದ ನಮ್ಮದೇ ಹಲಸಿನ ಗೆಲ್ಲಿಲಿ ಆಚಾರಿ ಎರಡು ಕೆತ್ತಿ ಕೊಟ್ಟ, ಒಂದು ಎನಗೆ, ಒಂದು ಮಗಳಿಂಗೆ. ಹಿಡಿಯ ಕೊಡಿಲಿ ಕಬ್ಬಿಣದ ಸರಿಗೆ ಬೆಶಿ ಮಾಡಿ 'ಹಲಸು' ಹೇಳಿ ಬರದೆ. ಹಳೆ ಸಟ್ಟುಗದ ಎರಡು ತುಂಡಿನ ಅಬ್ಬೆ ಒಂದು ಬೆಳಿ ವಸ್ತ್ರಲ್ಲಿ ಸುತ್ತಿ ಮಡುಗಿದ್ದು, ಒಟ್ಟಿಂಗೆ ಒಂದು ಚೀಟಿ. ಅಬ್ಬೆಯ ಅಕ್ಷರಲ್ಲಿ ಮೂರು ಶಬ್ದ ಇದ್ದು: ಹೊನ್ನೆ. ಬೇಂಗ. ಅತ್ತೆದು.