ಮೆಟ್ಟುಗತ್ತಿಯ ಮುಂದೆ ಕಂಪ್ಯೂಟರಿನ ಗೊಂಬೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಕಾರ್ಖಾನೆ ಎಲ್ಲಿದೆ ಎಂದು ಕೇಳಿದರೆ ಜನ ನಕ್ಕಾರು. ಆದರೆ ಅಡಿಕೆ ಕೊಯ್ಲು ಶುರುವಾಯಿತೆಂದರೆ ಇಲ್ಲಿನ ಮನೆಯಂಗಳಗಳೇ ಕಾರ್ಖಾನೆ. ಕೊನೆಗಾರ ಇಳಿಸಿದ ಹಸಿಕಾಯಿಯನ್ನು ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಕೊಯ್ದ ಕಾಯಿಯನ್ನು ಹೆಚ್ಚು ದಿನ ಇಡುವಂತಿಲ್ಲವಾದ್ದರಿಂದ ಸುಲಿತ ರಾತ್ರಿಯೂ ಸಾಗುತ್ತಿತ್ತು.

ಸುಲಿಯುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಸಾಧನ ಮೆಟ್ಟುಗತ್ತಿ. ಹಲಗೆಯನ್ನು ಕಾಲಿನಿಂದ ಮೆಟ್ಟಿ ಹಿಡಿದು, ಮೇಲ್ಮುಖವಾಗಿ ನಿಂತ ಅಲಗಿಗೆ ಕಾಯಿ ಒತ್ತಿ ಸಿಪ್ಪೆ ಬಿಡಿಸುವುದು. ಅಗ್ಗದ, ಜಾಣತನದ ಸಾಧನವೇನೋ ಹೌದು. ಆದರೆ ಬೆನ್ನು ಬಾಗಿ, ಕತ್ತು ತಗ್ಗಿ, ಮೊಣಕಾಲು ಮಡಿಸಿ ಗಂಟೆಗಟ್ಟಲೆ ಕೂರಬೇಕು. ಕೂಲಿ ಸುಲಿದ ಅಳತೆಯ ಮೇಲೆ. ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡಷ್ಟು ಹೊತ್ತು ದುಡ್ಡು ಕಡಿಮೆ! 1948ರ ಕಾರ್ಖಾನೆ ಕಾಯಿದೆಯ 44ನೇ ಕಲಮು ನಿಂತು ದುಡಿಯುವವರಿಗೆ ಕೂರಲು ಅನುಕೂಲ ಇರಬೇಕೆಂದು ಹೇಳಿತ್ತು. ಕೂತೇ ಸವೆಯುವವರ ಮಾತು ಆ ಕಲಮಿನಲ್ಲಿ ಇರಲಿಲ್ಲ.

ಕೆಲಸವನ್ನು ಮೈಗೆ ಹೊಂದಿಸುವ ಶಾಸ್ತ್ರಕ್ಕೆ 1857ರಲ್ಲೇ ಪೋಲೆಂಡಿನ ಯಾಸ್ತ್ರೆಂಬೊವ್ಸ್ಕಿ 'ಎರ್ಗಾನಮಿಕ್ಸ್' ಎಂದು ಹೆಸರಿಟ್ಟಿದ್ದ. 1960ರ ದಶಕದಲ್ಲಿ ಬೋಯಿಂಗ್ ಕಂಪನಿಯ ವಿಲಿಯಂ ಫೆಟ್ಟರ್ ವಿಮಾನ ಚಾಲಕನ ಕೈಗೆ ಏನೇನು ಎಟಕುತ್ತದೆಂದು ತಿಳಿಯಲು ಕಂಪ್ಯೂಟರಿನಿಂದ ಮನುಷ್ಯಾಕೃತಿ ಬರೆಸಿದ. ಈಗ ಅಂಥ ಗೊಂಬೆಯನ್ನು ಪರದೆಯ ಮೇಲೆ ಕೂರಿಸಿ, ಬಗ್ಗಿಸಿ, ಬೆನ್ನಿಗೆ ಬೀಳುವ ಭಾರವನ್ನು ಯಂತ್ರ ತಯಾರಾಗುವ ಮೊದಲೇ ಲೆಕ್ಕ ಹಾಕಬಹುದು.

ತೊಡಕಿರುವುದು ಗೊಂಬೆಗೆ ಕೊಡುವ ಅಳತೆಯಲ್ಲಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ರೂಪುಗೊಂಡು 1993ರಲ್ಲಿ ಪ್ರಕಟವಾದ 'ರೂಲಾ' ವಿಧಾನ ಕೈ, ಕತ್ತು, ಬೆನ್ನಿನ ಬಾಗುವಿಕೆ ನೋಡಿ 1ರಿಂದ 7ರವರೆಗೆ ಅಂಕ ಕೊಡುತ್ತದೆ. ಏಳು ಬಂದರೆ ಕೆಲಸದ ರೀತಿಯನ್ನು ಕೂಡಲೇ ಬದಲಿಸಬೇಕು. ಕಾಲಿಗೆ ಮಾತ್ರ ಅದರಲ್ಲಿ ಎರಡೇ ಅಂಕ: ಆಧಾರವಿದ್ದರೆ ಒಂದು, ಇಲ್ಲದಿದ್ದರೆ ಎರಡು. ಮಡಿಸಿದ ಮೊಣಕಾಲಿನ ನೋವು ಆ ಲೆಕ್ಕಕ್ಕೆ ಸರಿಯಾಗಿ ಸಿಗದು. ಭಾರತೀಯರ ಮೈಯಳತೆಗಳನ್ನು ಒಟ್ಟುಗೂಡಿಸಿದ ದೇಬ್‌ಕುಮಾರ್ ಚಕ್ರವರ್ತಿಯವರ ಪುಸ್ತಕವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಪ್ರಕಟಿಸಿದ್ದು 1997ರಲ್ಲಿ. ಅಂದರೆ ಚಾಲಕನ ಗೊಂಬೆ ಹುಟ್ಟಿ ಮೂವತ್ತು ವರ್ಷ ಕಳೆದ ಮೇಲೆ.

ಸುಲಿಯುವ ಯಂತ್ರಗಳು ಮಲೆನಾಡಿಗೆ ಬಂದು ಮೆಟ್ಟುಗತ್ತಿ ಹಿಂದೆ ಸರಿದಿದೆ. ಒಳ್ಳೆಯದೇ ಆಯಿತು. ಆದರೆ ಕಾಯಿ ಸುರಿಯುವ ಬಾಯಿ ಎತ್ತರದಲ್ಲಿದ್ದರೆ ತುಂಬಿದ ಬುಟ್ಟಿಯನ್ನು ಭುಜದ ಮೇಲಕ್ಕೆ ಎತ್ತಬೇಕು. ಮೊಣಕೈ ಮಟ್ಟದಲ್ಲಿದ್ದರೆ ಅಷ್ಟು ಶ್ರಮವಿಲ್ಲ. ಇದನ್ನು ಪರದೆಯ ಮೇಲೆ ಅರ್ಧ ದಿನದಲ್ಲಿ ನೋಡಿಬಿಡಬಹುದು, ಎತ್ತುವಾಕೆಯ ಅಳತೆ ಗೊತ್ತಿದ್ದರೆ. ಯಂತ್ರ ಸುಲಿಯದೆ ಬಿಟ್ಟ ಕಾಯಿಗಳನ್ನು ಆರಿಸುವವರಿಗೆ ಎಷ್ಟು ಎತ್ತರದ ಮೇಜು ಬೇಕು ಎಂಬುದನ್ನೂ ಹಾಗೆಯೇ ನೋಡಬಹುದು. ಸದ್ಯಕ್ಕೆ ಅವರು ಕೂರುವುದು ನೆಲದ ಮೇಲೆಯೇ.