ತೆಂಗಿನ ಸೀಮೆಯಲ್ಲಿ ನೆಲೆಯ ವಿಚಾರ

ಮನೆಯನ್ನು ಕಟ್ಟುವುದಕ್ಕೆ ಮುಂಚೆ ನೆಲವನ್ನು ನೋಡಬೇಕೆಂಬುದು ಹಿರಿಯರ ಮಾತು. ಕಡಲ ತೀರದವನು ಬಿರುಗಾಳಿಗೂ, ಹೊಳೆಯ ದಡದವನು ನೆರೆಗೂ ಅಂಜುವನು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಮ್ಮ ಸೀಮೆಗೆ ಕಡಲು ದೂರ. ತುಂಬಿ ಹರಿಯುವ ಮಹಾನದಿಯೂ ಇಲ್ಲ. ಇಲ್ಲಿಯ ಪೂರ್ವಿಕರು ಅಂಜಿದುದು ಬಾರದ ಮಳೆಗೆ.

ಆದುದರಿಂದ ಈ ಸೀಮೆಯ ಊರುಗಳ ಚರಿತ್ರೆಯು ಬಹುಮಟ್ಟಿಗೆ ಕೆರೆಗಳ ಚರಿತ್ರೆಯೇ ಆಗಿದೆ. 13ನೆಯ ಶತಮಾನದಲ್ಲಿ, ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ, ಅಗ್ರಹಾರವಾಗಿ ಬೆಳೆದ ತುರುವೇಕೆರೆಯು ತನ್ನ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತಿರುವುದು. ವಾಸಕ್ಕೆ ದಿಣ್ಣೆ, ತೋಟಕ್ಕೆ ಏರಿಯ ಕೆಳಗಣ ತಗ್ಗು, ರಾಗಿಗೆ ಮೇಲಣ ಕೆಂಪು ನೆಲ, ಇದು ಬಯಲುಸೀಮೆಯಲ್ಲಿ ಸಾಮಾನ್ಯವಾಗಿ ಕಾಣುವ ಹಂಚಿಕೆ. ಬರಕ್ಕೆ ಹೆದರಿ ನೀರಿನ ಬಳಿ ನೆಲೆಸಿದವರು ಏರಿ ಒಡೆಯುವ ಭಯವನ್ನೂ ಮರೆಯಲಿಲ್ಲ. ಕೋಡಿಯನ್ನೂ ತೂಬನ್ನೂ ಕಾಯುವುದು ಊರೊಟ್ಟಿನ ಕರ್ತವ್ಯವಾಗಿದ್ದಿತು.

ಆದರೂ ಕೆರೆಯೊಂದೇ ಸಾಲದೆಂಬುದನ್ನು 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮವು ತೋರಿಸಿತು. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಕೆರೆಗಳೇ ಬತ್ತಿದ ಮೇಲೆ ಕೆರೆಯೂರಾದರೇನು? ಆ ಬಳಿಕ 1880ರ ದಶಕದಲ್ಲಿ ತಿಪಟೂರಿಗೆ ರೈಲು ಬಂದು, ಹೊರಗಿನ ಧಾನ್ಯವನ್ನು ತರುವ ದಾರಿಯಾಯಿತು. ಅದೇ ಶತಮಾನದ ಅಂತ್ಯದಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆಯಲ್ಲಿ ಸುವರ್ಣಮುಖಿಗೆ ಕಟ್ಟೆ ಬಿದ್ದಿತು.

ರಾಗಿ ಬಿತ್ತಿದವನು ಒಂದು ಮಳೆ ತಪ್ಪಿದರೆ ಮುಂದಿನ ವರ್ಷ ಮತ್ತೆ ಬಿತ್ತುವನು. ತೆಂಗನ್ನು ನೆಟ್ಟವನಿಗೆ ಆ ಸೌಕರ್ಯವಿಲ್ಲ. ಅವನು ಅರುವತ್ತು ವರ್ಷಗಳ ಮಳೆಯನ್ನು ನಂಬಿ ನೆಡುವನು. ಒಂದು ಬರದ ಪೆಟ್ಟು ಎರಡು ಮೂರು ವರ್ಷಗಳ ಫಸಲಿನಲ್ಲಿ ಕಾಣುವುದು. 2016ರ ಬರದಲ್ಲಿ ಈ ಸೀಮೆಯ ಎಷ್ಟೋ ತೋಟಗಳಲ್ಲಿ ಸುಳಿ ಒಣಗಿ ಮರಗಳು ನೆಲಕ್ಕೊರಗಿದುದನ್ನು ನಾವೇ ಕಂಡೆವು. ಕೊಳವೆಬಾವಿಯ ಆಳವು ಹೆಚ್ಚಿದಷ್ಟೂ ನೀರು ಹೆಚ್ಚಲಿಲ್ಲ.

ಅನಂತರ 2022ರಲ್ಲಿ ಅತಿವೃಷ್ಟಿಯಾಗಿ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಬಿದ್ದವು. ಬತ್ತಿದ ಕೆರೆಯಂಗಳವನ್ನೂ ಹಳ್ಳದ ಪಾತ್ರವನ್ನೂ ಬರಿಯ ಬಯಲೆಂದು ಬಗೆದು ಮನೆ ಕಟ್ಟುವವನು ಇಂತಹ ವರ್ಷವನ್ನು ಲೆಕ್ಕಕ್ಕೆ ತಂದುಕೊಂಡಿರುವುದಿಲ್ಲ. ನೀರು ತನ್ನ ದಾರಿಯನ್ನು ಮರೆಯುವುದಿಲ್ಲ.

ಭಕ್ತಮಹಾಶಯರೇ, ಹೊಸ ಮನೆಗೆ ನೆಲವನ್ನು ಆಯುವಾಗ ಬರದ ವರ್ಷದಲ್ಲಿ ಒಮ್ಮೆ, ಕೋಡಿ ಬಿದ್ದ ವರ್ಷದಲ್ಲಿ ಒಮ್ಮೆ, ಅದನ್ನು ನೋಡಿದ ಹಿರಿಯರನ್ನು ಕೇಳಿರಿ. ಆಯ್ದ ಮೇಲೆ ಊರ ಕೆರೆಯ ಹೂಳೆತ್ತುವ ದಿನ ತಪ್ಪದೆ ಹೋಗಿರಿ. ಈ ಸೀಮೆಯಲ್ಲಿ ನೆಲೆಯೆಂಬುದು ಒಮ್ಮೆ ಆಯ್ದು ಮುಗಿಯುವ ವಸ್ತುವಲ್ಲ, ವರ್ಷವರ್ಷವೂ ಕಾಪಾಡಿಕೊಳ್ಳತಕ್ಕುದು.