ಸೌದೆ ಕೊಯ್ಯಲು ಚೈನ್‌ಸಾ: ಸಿಸಿ ಹೆಚ್ಚಿದ್ದರೆ ಒಳ್ಳೆಯದೇ? ಫಾರ್ವರ್ಡ್ ಮಾತುಗಳಲ್ಲಿ ನಿಜವೆಷ್ಟು?

ಏಪ್ರಿಲ್–ಮೇ ತಿಂಗಳ ಗಾಳಿ ಮಳೆ ಬಂತೆಂದರೆ ಬೆಂಗಳೂರಿನಲ್ಲಿ ಮರ, ಕೊಂಬೆ ಬೀಳುವುದು ಮಾಮೂಲು. ಬೈಯಪ್ಪನಹಳ್ಳಿ, ಇಂದಿರಾನಗರ, ಹಲಸೂರು ಕಡೆಯ ಹಳೆಯ ಬೀದಿಗಳಲ್ಲಿ ಮಳೆಮರ, ಗುಲ್‌ಮೊಹರ್, ಹೊಂಗೆ ಬೀಳುತ್ತವೆ. ಕಾಂಪೌಂಡಿನೊಳಗೆ ಸಿಲ್ವರ್ ಓಕ್, ಮಾವಿನ ಕೊಂಬೆ ಮುರಿಯುತ್ತವೆ. ಅದರ ಬೆನ್ನಿಗೇ ಗ್ರೂಪುಗಳಲ್ಲಿ ಮರ ಕೊಯ್ಯುವ ಮಷೀನಿನ ವಿಡಿಯೊ, ಆನ್‌ಲೈನ್ ಅಂಗಡಿಯ ಲಿಂಕು ಓಡಾಡುತ್ತವೆ. ಹೊಸಕೋಟೆ, ಮಾಲೂರು ಕಡೆ ಜಮೀನು, ನೀಲಗಿರಿ ತೋಪು ಇರುವವರಿಗೂ ಇದೇ ಪ್ರಶ್ನೆ: ಬಚ್ಚಲ ಒಲೆಗೆ, ಮದುವೆ ಅಡುಗೆಗೆ ಬೇಕಾದ ಸೌದೆಯನ್ನು ನಾವೇ ಕೊಯ್ದುಕೊಳ್ಳಲು ಎಂಥ ಚೈನ್‌ಸಾ ಕೊಳ್ಳಬೇಕು?

ಚುಟುಕಾಗಿ ಹೇಳುವುದಾದರೆ: ಸೌದೆ ಕೆಲಸಕ್ಕೆ 45ರಿಂದ 55 ಸಿಸಿ ಎಂಜಿನ್, 16 ಅಥವಾ 18 ಇಂಚಿನ ಬಾರ್ ಸಾಕು. ಸಿಸಿಗಿಂತ ಕಿಲೋವ್ಯಾಟ್ ನೋಡಿ, ಕಿಲೋವ್ಯಾಟ್‌ಗಿಂತ ಮೊದಲು ಚೈನ್ ಬ್ರೇಕ್ ನೋಡಿ. ವರ್ಷಕ್ಕೆ ಒಂದೆರಡು ದಿನದ ಕೆಲಸವಾದರೆ ಕೊಳ್ಳುವುದೇ ಬೇಡ.

"58 ಸಿಸಿ ಮಷೀನು 50 ಸಿಸಿಗಿಂತ ಜಾಸ್ತಿ ಪವರ್": ಪೂರ್ತಿ ನಿಜವಲ್ಲ

ಸಿಸಿ ಎಂದರೆ ಎಂಜಿನ್ ಸಿಲಿಂಡರಿನೊಳಗೆ ಪಿಸ್ಟನ್ ಓಡಾಡುವ ಜಾಗದ ಅಳತೆ. ಆ ಜಾಗದಿಂದ ಎಷ್ಟು ಶಕ್ತಿ ಹೊರಬರುತ್ತದೆ ಎಂಬುದು ಎಂಜಿನ್ನಿನ ವಿನ್ಯಾಸದ ಮೇಲೆ ನಿಂತಿದೆ. ಒಂದೇ ಕಂಪನಿಯ ಉದಾಹರಣೆ ನೋಡಿ. ಸ್ಟಿಲ್ ಎಂಎಸ್ 271 ಮತ್ತು ಎಂಎಸ್ 261 ಎರಡೂ 50.2 ಸಿಸಿ. ಆದರೆ ಮೊದಲನೆಯದರ ಶಕ್ತಿ 2.6 ಕಿಲೋವ್ಯಾಟ್, ಎರಡನೆಯದು 3 ಕಿಲೋವ್ಯಾಟ್. ಮೇಲಾಗಿ ಎರಡನೆಯದೇ ಹಗುರ. ಹಸ್ಕ್‌ವಾರ್ನಾ 455 ರಾಂಚರ್ 55.5 ಸಿಸಿ ಇದ್ದರೂ ಶಕ್ತಿ 2.6 ಕಿಲೋವ್ಯಾಟೇ.

ಹೆಸರಿಲ್ಲದ ಮಷೀನುಗಳ ಡಬ್ಬಿಯ ಮೇಲೆ ಬರೆದ ಸಿಸಿಯನ್ನು ನೀವೇ ಪರೀಕ್ಷಿಸಬಹುದು. ಕೈಪಿಡಿಯಲ್ಲಿ ಬೋರ್ ಮತ್ತು ಸ್ಟ್ರೋಕ್ ಎಂಬ ಎರಡು ಅಳತೆ ಇರುತ್ತದೆ. ಅವನ್ನು ಸೆಂಟಿಮೀಟರಿಗೆ ಬದಲಿಸಿ, ಬೋರ್ × ಬೋರ್ × ಸ್ಟ್ರೋಕ್ × 0.785 ಎಂದು ಮೊಬೈಲಿನಲ್ಲೇ ಲೆಕ್ಕ ಹಾಕಿ. ಬೋರ್ 4.5, ಸ್ಟ್ರೋಕ್ 3.4 ಸೆಂ.ಮೀ. ಎಂದಿದ್ದರೆ ಬರುವುದು 54 ಸಿಸಿ. ಡಬ್ಬಿ 58 ಎಂದರೆ ಅದು ಸುಳ್ಳು. ಕೈಪಿಡಿಯಲ್ಲಿ ಈ ಅಳತೆಯೂ ಇಲ್ಲ, ಕಿಲೋವ್ಯಾಟೂ ಇಲ್ಲ ಎಂದಾದರೆ ಆ ಮಷೀನನ್ನು ಬಿಟ್ಟುಬಿಡಿ.

ಹಾಗಾದರೆ ಮಧ್ಯಮ ಗಾತ್ರ ಯಾವುದು?

30–35 ಸಿಸಿಯ ಸಣ್ಣ ಮಷೀನು ಕೊಂಬೆ ಕತ್ತರಿಸಲು, ತೋಟದ ಸಣ್ಣಪುಟ್ಟ ಕೆಲಸಕ್ಕೆ ಸರಿ. ದಿನವಿಡೀ ದಿಮ್ಮಿ ಕೊಯ್ದರೆ ಅದೂ ಬಳಲುತ್ತದೆ, ನೀವೂ ಬಳಲುತ್ತೀರಿ. 70 ಸಿಸಿ ದಾಟಿದ್ದು ದೊಡ್ಡ ಮರ ಉರುಳಿಸುವ ಕಸುಬಿನವರಿಗೆ. ಇವೆರಡರ ನಡುವಿನದು ಸೌದೆಯ ಮಷೀನು: ಶಕ್ತಿ 2.2ರಿಂದ 3 ಕಿಲೋವ್ಯಾಟ್, ಬಾರ್ ಮತ್ತು ಚೈನ್ ಬಿಟ್ಟು ತೂಕ ನಾಲ್ಕೂವರೆಯಿಂದ ಆರು ಕೆ.ಜಿ. ಬಾರ್, ಚೈನ್, ಪೆಟ್ರೋಲ್, ಆಯಿಲ್ ಸೇರಿದರೆ ಇನ್ನೂ ಒಂದೂವರೆ ಎರಡು ಕೆ.ಜಿ. ಕೂಡುತ್ತದೆ. ಆದ್ದರಿಂದ ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡದೆ ಕೊಳ್ಳಬೇಡಿ.

"ಬಾರ್ ಉದ್ದವಿದ್ದಷ್ಟೂ ಒಳ್ಳೆಯದು": ತಪ್ಪು

ಬಾರ್ ಉದ್ದವಾದಂತೆ ಅದೇ ಎಂಜಿನ್ ಹೆಚ್ಚು ಚೈನನ್ನು ಎಳೆಯಬೇಕು. ಚೈನ್ ನಿಧಾನವಾಗುತ್ತದೆ, ಮೂತಿ ಭಾರವಾಗುತ್ತದೆ, ಹರಿತ ಮಾಡಬೇಕಾದ ಹಲ್ಲುಗಳೂ ಹೆಚ್ಚು. ದಿಮ್ಮಿಯ ದಪ್ಪಕ್ಕಿಂತ ಎರಡು ಇಂಚು ಉದ್ದವಿದ್ದರೆ ಸಾಕು. ಒಲೆಗೆ ಹೋಗುವ ಸೌದೆ ಬಹುಪಾಲು ಒಂದು ಅಡಿಗಿಂತ ಕಡಿಮೆ ದಪ್ಪದ ಮರದಿಂದ ಬರುತ್ತದೆ. ಅದಕ್ಕೆ 16 ಇಂಚು ಧಾರಾಳ. ಅಪರೂಪಕ್ಕೊಮ್ಮೆ ದಪ್ಪ ದಿಮ್ಮಿ ಸಿಕ್ಕರೆ ಎರಡೂ ಬದಿಯಿಂದ ಕೊಯ್ಯಬಹುದು.

"ಗ್ರೈಂಡರ್‌ಗೆ ಈ ಅಟ್ಯಾಚ್‌ಮೆಂಟ್ ಹಾಕಿದರೆ ಅಗ್ಗದ ಚೈನ್‌ಸಾ": ಅಪಾಯ, ಕೊಳ್ಳಬೇಡಿ

ಅತಿ ಹೆಚ್ಚು ಹರಿದಾಡುವ ವಿಡಿಯೊ ಇದು. ಟೈಲ್ಸ್, ಕಬ್ಬಿಣ ಕತ್ತರಿಸುವ ಕೈ ಗ್ರೈಂಡರಿಗೆ ಬಾರ್, ಚೈನ್ ಸಿಕ್ಕಿಸಿ ಮರ ಕೊಯ್ಯುವುದು. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅದರಲ್ಲಿ ಚೈನ್ ಬ್ರೇಕ್ ಇಲ್ಲ, ಕೈಗೆ ಅಡ್ಡ ಗಾರ್ಡ್ ಇಲ್ಲ, ಚೈನಿಗೆ ತಾನಾಗಿ ಎಣ್ಣೆ ಹೋಗುವ ವ್ಯವಸ್ಥೆ ಇಲ್ಲ. ಗ್ರೈಂಡರಿನ ಬಟನ್ ಒಮ್ಮೆ ಒತ್ತಿದರೆ ಲಾಕ್ ಆಗಿಯೇ ಇರುವುದೂ ಉಂಟು; ಕೈ ಜಾರಿದರೂ ಚೈನ್ ಓಡುತ್ತಲೇ ಇರುತ್ತದೆ. ನಿಜವಾದ ಚೈನ್‌ಸಾದಲ್ಲಿ ಟ್ರಿಗರ್ ಬಿಟ್ಟ ಕೂಡಲೇ ಚೈನಿಗೆ ಶಕ್ತಿ ಹೋಗುವುದು ನಿಲ್ಲುತ್ತದೆ.

"ಕೈಯಲ್ಲಿ ಬಲ ಇದ್ದರೆ ಮಷೀನು ಹಿಂದಕ್ಕೆ ಹಾರಲ್ಲ": ತಪ್ಪು

ಬಾರಿನ ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಚೈನ್ ಅಲ್ಲಿ ಕಚ್ಚಿಕೊಳ್ಳುತ್ತದೆ. ಎಂಜಿನ್ನಿನ ಶಕ್ತಿಯೆಲ್ಲ ಬಾರನ್ನು ಮೇಲಕ್ಕೆ, ಹಿಂದಕ್ಕೆ, ಅಂದರೆ ನಿಮ್ಮ ಮುಖ ಮತ್ತು ಕುತ್ತಿಗೆಯ ಕಡೆಗೆ ಎಸೆಯುತ್ತದೆ. ಇದನ್ನೇ ಕಿಕ್‌ಬ್ಯಾಕ್ ಎನ್ನುವುದು. ಮಿದುಳು 'ಏನೋ ಆಯಿತು' ಎಂದು ಗುರುತಿಸುವ ಮೊದಲೇ ಇದು ಮುಗಿದಿರುತ್ತದೆ, ಪೈಲ್ವಾನನಿಗೂ ತಡೆಯಲಾಗದು. ತಡೆಯಬಲ್ಲದ್ದು ಚೈನ್ ಬ್ರೇಕ್. ಮುಂದಿನ ಹಿಡಿಯ ಎದುರಿಗಿರುವ ಗಾರ್ಡನ್ನು ಮುಂದಕ್ಕೆ ತಳ್ಳಿದರೆ ಚೈನ್ ತಟ್ಟನೆ ನಿಲ್ಲಬೇಕು. ಇದನ್ನು ಅಂಗಡಿಯಲ್ಲೇ ಪರೀಕ್ಷಿಸಿ, ಮನೆಯಲ್ಲೂ ಪ್ರತಿ ಸಲ ಕೆಲಸ ಶುರುಮಾಡುವ ಮೊದಲು ಪರೀಕ್ಷಿಸಿ.

ಎರಡೂ ಕೈಯಲ್ಲಿ ಹಿಡಿಯಿರಿ, ಹೆಬ್ಬೆರಳು ಹಿಡಿಯನ್ನು ಸುತ್ತಿರಲಿ. ಭುಜಕ್ಕಿಂತ ಎತ್ತರದಲ್ಲಿ, ಏಣಿಯ ಮೇಲೆ ನಿಂತು ಕೊಯ್ಯಬೇಡಿ. ಸ್ಟಾರ್ಟ್ ಮಾಡುವಾಗ ಚೈನ್ ಬ್ರೇಕ್ ಹಾಕಿ, ಮಷೀನನ್ನು ನೆಲಕ್ಕಿಟ್ಟು, ಹಿಂದಿನ ಹಿಡಿಯೊಳಗೆ ಬೂಟಿನ ತುದಿ ಇಟ್ಟು ಹಗ್ಗ ಎಳೆಯಿರಿ. ಲುಂಗಿ, ಪಂಚೆ, ಚಪ್ಪಲಿ ಬೇಡ. ಚೈನ್‌ಸಾದ ಸದ್ದು 100 ಡೆಸಿಬೆಲ್ ದಾಟುತ್ತದೆ; ಕಿವಿಗೆ ಹತ್ತಿ ಸಾಲದು, ಇಯರ್‌ಮಫ್ ಬೇಕು. ಕಣ್ಣಿಗೆ ಕನ್ನಡಕವೂ ಬೇಕು. ಸಿಲ್ವರ್ ಓಕ್ ಪುಡಿ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಹಾಗಾಗಿ ತೋಳು ಮುಚ್ಚುವ ಬಟ್ಟೆ ಹಾಕಿಕೊಳ್ಳಿ.

ಗಾಯವಾಗಿ ರಕ್ತ ಸುರಿದರೆ ಕಾಫಿ ಪುಡಿ, ಅರಿಶಿನ, ಸುಣ್ಣ ಮೆತ್ತಬೇಡಿ. ಅದು ಆಳದ ರಕ್ತಸ್ರಾವ ನಿಲ್ಲಿಸದು, ಗಾಯ ಸ್ವಚ್ಛ ಮಾಡುವ ವೈದ್ಯರಿಗೂ ತೊಡಕು. ಶುಭ್ರ ಬಟ್ಟೆಯಿಂದ ಗಾಯದ ಮೇಲೆ ಬಲವಾಗಿ ಒತ್ತಿ ಹಿಡಿದು, ಕೈ ತೆಗೆಯದೆ 108ಕ್ಕೆ ಕರೆ ಮಾಡಿಸಿ. ಒಬ್ಬರೇ ಇರುವಾಗ ಚೈನ್‌ಸಾ ಮುಟ್ಟಬಾರದು ಎನ್ನುವುದು ಇದಕ್ಕೇ.

"ಬರೀ ಪೆಟ್ರೋಲ್ ಸಾಕು, ಆಯಿಲ್ ದಂಡ": ಎಂಜಿನ್ ಸುಡುತ್ತದೆ

ಚೈನ್‌ಸಾದ್ದು ಹೆಚ್ಚಾಗಿ ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲಿನಲ್ಲಿ ಬೆರೆತ ಟೂಟಿ ಆಯಿಲ್ಲೇ ಪಿಸ್ಟನ್ನಿಗೆ ಎಣ್ಣೆ. ಅದಿಲ್ಲದೆ ಓಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ ಸೀಜ್ ಆಗುತ್ತದೆ. ಕೈಪಿಡಿ 50:1 ಎಂದಿದ್ದರೆ ಒಂದು ಲೀಟರಿಗೆ 20 ಮಿ.ಲೀ., 25:1 ಎಂದಿದ್ದರೆ 40 ಮಿ.ಲೀ. 'ಜಾಸ್ತಿ ಹಾಕಿದರೆ ಜಾಸ್ತಿ ಬಾಳಿಕೆ' ಎಂಬುದೂ ತಪ್ಪು. ಹೊಗೆ ಹೆಚ್ಚಿ ಪ್ಲಗ್ಗು, ಸೈಲೆನ್ಸರ್ ಕಟ್ಟುತ್ತವೆ.

ಇನ್ನೊಂದು ವಿಷಯ ಫಾರ್ವರ್ಡ್‌ಗಳಲ್ಲಿ ಬರುವುದೇ ಇಲ್ಲ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಅನೇಕ ಚೈನ್‌ಸಾ ಕೈಪಿಡಿಗಳು ಶೇ 10ರ ಮಿತಿ ಹಾಕಿವೆ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಹಾಳುಮಾಡುತ್ತದೆ. ಆದ್ದರಿಂದ 'ಇ20ಕ್ಕೆ ಹೊಂದುತ್ತದೆಯೇ?' ಎಂದು ಡೀಲರನ್ನು ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬೇಕಾದಷ್ಟೇ ಬೆರೆಸಿ. ವಾರಗಟ್ಟಲೆ ಇಡುವುದಾದರೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ.

"ಚೈನಿಗೆ ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಸಾಕು": ಬೇಡ

ಹಳೇ ಆಯಿಲ್ಲಿನಲ್ಲಿ ಲೋಹದ ಕಣಗಳಿರುತ್ತವೆ. ಅವು ಬಾರನ್ನೂ ಆಯಿಲ್ ಪಂಪನ್ನೂ ಸವೆಸುತ್ತವೆ. ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳೂ ಅದರಲ್ಲಿವೆ. ಚೈನಿನ ಎಣ್ಣೆ ಸಣ್ಣ ಹನಿಗಳಾಗಿ ನಿಮ್ಮ ಕೈ, ಮುಖ, ಬಟ್ಟೆಗೆ ಸಿಡಿಯುತ್ತದೆ, ಸೌದೆಗೂ ಅಂಟುತ್ತದೆ. ಅದೇ ಸೌದೆ ನಾಳೆ ನಿಮ್ಮ ಒಲೆಯಲ್ಲಿ ಉರಿಯುತ್ತದೆ. ಬಾರ್ ಆಯಿಲ್ ಎಂದೇ ಮಾರುವ ಅಂಟು ಎಣ್ಣೆ ಬಳಸಿ.

ಕರೆಂಟಿನದೋ, ಬ್ಯಾಟರಿಯದೋ, ಪೆಟ್ರೋಲಿನದೋ?

ಮನೆಯಂಗಳದ ಕೆಲಸಕ್ಕೆ ಕರೆಂಟಿನ ಚೈನ್‌ಸಾ ಒಳ್ಳೆಯದು. ಹೊಗೆಯಿಲ್ಲ, ಸದ್ದು ಕಡಿಮೆ. ಆದರೆ 2,000 ವ್ಯಾಟಿನ ಮಷೀನು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಫ್ಯಾನ್, ಟಿವಿಯ ಸಣ್ಣ ಪಾಯಿಂಟಿಗೆ ಹಾಕಿದರೆ ವೈರು ಬಿಸಿಯಾಗುತ್ತದೆ; ಗೀಸರಿನ 16 ಆಂಪಿಯರ್ ಪಾಯಿಂಟ್, ದಪ್ಪ ವೈರ್ ಬೇಕು. ಮಳೆ ನಿಂತ ತಕ್ಷಣ ಒದ್ದೆ ನೆಲದಲ್ಲಿ ಬೇಡವೇ ಬೇಡ. ಬ್ಯಾಟರಿಯದು ಕೊಂಬೆ ಕೆಲಸಕ್ಕೆ ಸರಿ. ಕರೆಂಟ್ ಸಿಗದ ತೋಟ, ತೋಪಿಗೆ ಪೆಟ್ರೋಲಿನದೇ ಸರಿ.

"ಬಿದ್ದ ಮರ ಯಾರು ಬೇಕಾದರೂ ಕೊಯ್ಯಬಹುದು": ತಪ್ಪು

ರಸ್ತೆ ಬದಿಯ ಮರ ಪಾಲಿಕೆಯದು. ಬಿದ್ದ ಮೇಲೂ ಅದರ ದಿಮ್ಮಿ ಪಾಲಿಕೆಯದೇ. 1533ಕ್ಕೆ ತಿಳಿಸಿ. ಕೊಂಬೆ ವೈರಿನ ಮೇಲೆ ಬಿದ್ದಿದ್ದರೆ ಹತ್ತಿರ ಹೋಗದೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ. ನಿಮ್ಮ ಜಾಗದಲ್ಲೇ ನಿಂತಿರುವ ಮರ ಕಡಿಯಲೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ನಿಮ್ಮ ಮರ ಆ ಪಟ್ಟಿಯಲ್ಲಿದೆಯೇ ಎಂದು ಮೊದಲು ಕೇಳಿಕೊಳ್ಳಿ.

"ಚೈನ್‌ಸಾ ಕಂಡುಹಿಡಿದದ್ದೇ ಹೆರಿಗೆಗೆ": ಅರ್ಧ ನಿಜ

ಹದಿನೆಂಟನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ವೈದ್ಯರಾದ ಜಾನ್ ಐಟ್ಕೆನ್ ಮತ್ತು ಜೇಮ್ಸ್ ಜೆಫ್ರಿ ಹಲ್ಲುಗಳಿರುವ ಸಣ್ಣ ಸರಪಣಿ ಗರಗಸ ಬಳಸಿದ್ದು ನಿಜ. ಕಷ್ಟದ ಹೆರಿಗೆಯಲ್ಲಿ ಸೊಂಟದ ಮುಂಭಾಗದ ಮೆದುಮೂಳೆ ಬಿಡಿಸಲು, ರೋಗ ತಗುಲಿದ ಮೂಳೆ ಕತ್ತರಿಸಲು ಅದು ಬಳಕೆಯಾಯಿತು. ಆದರೆ ಅದು ಕೈಯಲ್ಲಿ ಅತ್ತಿತ್ತ ಎಳೆಯುವ ಸಣ್ಣ ಸಾಧನ, ಎಂಜಿನ್ ಇರಲಿಲ್ಲ. ಮರ ಕೊಯ್ಯುವ ಮಷೀನು ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಕರೆಂಟಿನ, 1929ರಲ್ಲಿ ಪೆಟ್ರೋಲಿನ ಚೈನ್‌ಸಾ ತಂದರು. ಫಾರ್ವರ್ಡ್ ಜೊತೆ ಬರುವ ದೊಡ್ಡ ಮಷೀನಿನ ಫೋಟೊಗೂ ಹೆರಿಗೆಗೂ ಸಂಬಂಧವಿಲ್ಲ.

ಅಂಗಡಿಗೆ ಹೋದಾಗ ಏನು ನೋಡಬೇಕು?

- ಚೈನ್ ಬ್ರೇಕ್ ಕೆಲಸ ಮಾಡುತ್ತದೆಯೇ? ಹಿಡಿಗೂ ಎಂಜಿನ್ನಿಗೂ ನಡುವೆ ಕಂಪನ ತಡೆಯುವ ರಬ್ಬರ್ ಅಥವಾ ಸ್ಪ್ರಿಂಗ್ ಇದೆಯೇ? ಬಹುಕಾಲದ ಕಂಪನದಿಂದ ಬೆರಳು ಬೆಳ್ಳಗಾಗಿ ಜೋಮು ಹಿಡಿಯುವ ಕಾಯಿಲೆ ಬರುತ್ತದೆ.
- ಶಕ್ತಿ ಎಷ್ಟು ಕಿಲೋವ್ಯಾಟ್? ತೂಕ ಎಷ್ಟು?
- ಚೈನಿನ ಪಿಚ್, ದಪ್ಪ, ಕೊಂಡಿಗಳ ಸಂಖ್ಯೆ ಬಾರಿನ ಮೇಲೆ ಬರೆದಿದೆಯೇ? ಈ ಮೂರೂ ಹೊಂದದ ಚೈನ್ ಕೂರುವುದಿಲ್ಲ.
- ಸರಿಯಾದ ಅರವನ್ನೂ ಜೊತೆಗೇ ಕೊಳ್ಳಿ. 0.325 ಇಂಚು ಪಿಚ್ಚಿಗೆ ಸಾಮಾನ್ಯವಾಗಿ 4.8 ಮಿ.ಮೀ. ದುಂಡು ಅರ. ಹರಿತವಾದ ಚೈನ್ ಚಕ್ಕೆ ಉದುರಿಸುತ್ತದೆ. ಹಿಟ್ಟಿನಂಥ ಪುಡಿ ಬಂದರೆ ಮೊಂಡಾಗಿದೆ ಎಂದರ್ಥ. ಆಗ ಒತ್ತಿ ಕೊಯ್ಯಬೇಡಿ, ಅರ ಹಾಕಿ.
- ಬಿಡಿಭಾಗ, ಸರ್ವಿಸ್ ಊರಲ್ಲೇ ಸಿಗುತ್ತದೆಯೇ? ಸಣ್ಣ ಕಾರ್ಬುರೇಟರ್ ಸಿಗದೆ ಮೂಲೆ ಸೇರುವ ಮಷೀನು ಎಷ್ಟು ಅಗ್ಗವಾದರೂ ದುಬಾರಿಯೇ.

ವರ್ಷಕ್ಕೊಮ್ಮೆ ಒಂದು ಕೊಂಬೆ ಬೀಳುವ ಮನೆಗೆ ಇದೆಲ್ಲ ಬೇಕಿಲ್ಲ. ಮಷೀನು ಇರುವ, ಅನುಭವವಿರುವ ಕೆಲಸಗಾರರನ್ನು ಕರೆಸಿ ದಿಮ್ಮಿ ಕೊಯ್ಯಿಸಿ, ಕೊಡಲಿ, ಬೆಣೆಯಿಂದ ಸೀಳಿ, ಮಳೆ ತಾಗದ, ಗಾಳಿಯಾಡುವ ಕಡೆ ಒಟ್ಟಿ ಚೆನ್ನಾಗಿ ಒಣಗಿಸಿ. ಹಸಿ ಸೌದೆಯ ಶಾಖದ ಒಂದು ಪಾಲು ನೀರು ಆವಿಯಾಗಲೇ ಹೋಗುತ್ತದೆ, ಉಳಿಯುವುದು ಹೊಗೆ. ಅದು ಕಣ್ಣಿಗೂ ಶ್ವಾಸಕೋಶಕ್ಕೂ ಕೆಟ್ಟದ್ದು.

ಗ್ರೈಂಡರ್ ಚೈನ್‌ಸಾದ ವಿಡಿಯೊ ನಿಮ್ಮ ಗ್ರೂಪಿಗೆ ಬಂದಿದ್ದರೆ ಅದನ್ನು ಮುಂದೆ ಕಳಿಸಬೇಡಿ. ಬದಲಿಗೆ ಈ ಲೇಖನ ಕಳಿಸಿ.